ಒಂದು, ಮೂರು, ನಾಲ್ಕು, ಎರಡು

ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು.
ಕೊನೆಯದು ಪಾಗುಮೆ, ಬರೀ ಐದು ದಿನದ್ದು,
ಸಂಬಳ ಕೊಡುವವರು ಲೆಕ್ಕಕ್ಕೆ ಹಿಡಿಯದ ಕೂಸು.
ಅದರ ಮೂರನೆಯ ದಿನದ ಮಳೆ ತೀರ್ಥವಂತೆ,
ಓಣಿಯ ಹುಡುಗರೆಲ್ಲ ಚಡ್ಡಿಯಲ್ಲೇ ಹೊರಬಿದ್ದು ಮಿಂದರು.
ನನ್ನ ಲಾಡಾ ಕೂಡ ಮಿಂದಿತು,
ನೆಗಡಿ ಹಿಡಿಸಿಕೊಂಡಿತು.

ಮೂವತ್ತೊಂಬತ್ತು ವರ್ಷದ ಟ್ಯಾಕ್ಸಿ. ಕೆಳಗೆ ನೀಲಿ, ನೆತ್ತಿ ಬಿಳಿ.
ಕೀಲಿ ತಿರುವಿದರೆ ಕೆಮ್ಮು, ಮತ್ತೆ ತಿರುವಿದರೆ ಬರೀ ಉಬ್ಬಸ.
ರಾತ್ರಿ, ಕಾಫಿ ಹುರಿಯುವ ಅಸ್ಕಾಲೆಯನ್ನು ಕರೆದು
ಕೀಲಿ ಕೊಟ್ಟು ಕೂರಿಸಿದೆ.
"ದೀಪ ಆರಿಸು," ಎಂದೆ ಯೆಶಿಮೆಬೆತ್‌ಗೆ, ಅಕ್ಕನ ಮಗಳು.
ರೋಗ ಹುಡುಕಲು ದೀಪ ಹಚ್ಚುವುದು ವೈದ್ಯರ ಕ್ರಮ,
ನಮ್ಮದು ಆರಿಸುವುದು.
ಬಾನೆಟ್ಟಿನಡಿಯ ಕತ್ತಲಲ್ಲಿ ಆಗ ಕಂಡಿತು:
ತಂತಿಯ ಮೈಮೇಲೆ ನೀಲಿ ಇರುವೆಸಾಲು,
ಹೋಗಬೇಕಾದಲ್ಲಿಗೆ ಹೋಗದೆ ಸೋರುವ ಮಿಂಚು.
"ಮಾವ, ಎಷ್ಟು ಚಂದ!"
ಚಂದವೇ. ಅದು ನನ್ನ ದಿನದ ದುಡಿಮೆ.

ಬೆಳಿಗ್ಗೆ ಮೆರ್ಕಾಟೋ. ಸೊಮಾಲಿ ತೆರಾದ ಗಲ್ಲಿಯಲ್ಲಿ
ಬಿಚ್ಚಿದ ಕಾರುಗಳ ಕಿವಿ, ಮೂಗು, ಕರುಳು.
ಹಾಜಿ ನುರೆದ್ದೀನ್ ನಮ್ಮ ಡಿಸ್ಟ್ರಿಬ್ಯೂಟರ್ ಮುಚ್ಚಳ ಬೋರಲು ಹಿಡಿದು
ಒಳಗಿನ ಕೂದಲೆಳೆ ಬಿರುಕನ್ನು ಉಗುರಲ್ಲಿ ತೋರಿಸಿ
"ಇನ್ನಿದು ಸಕ್ಕರೆ ಹಾಕಿಡಲಿಕ್ಕೆ" ಅಂದ.
ಮುಚ್ಚಳ, ರೋಟರ್, ಪಾಯಿಂಟ್, ಕಂಡೆನ್ಸರ್, ನಾಲ್ಕು ಪ್ಲಗ್ಗು,
ಸುರುಳಿಯಿಂದ ಕತ್ತರಿಸಿಕೊಟ್ಟ ತಂತಿ.
ಚೌಕಾಸಿ ಮುಗಿಯುವಷ್ಟರಲ್ಲಿ ಚಹಾ ಎರಡು ಸಲ ಬಂತು.

ಪಾಯಿಂಟಿನ ಎರಡು ತುಟಿಗಳ ನಡುವೆ ಬಿಡುವು
ಒಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು.
ಅಳೆಯುವ ಪಟ್ಟಿ ಯಾರೋ ಒಯ್ದವರು ತಂದಿಲ್ಲ.
ಕಿಸೆಯಲ್ಲಿತ್ತು, ಬಹುಮಾನ ಬಾರದ ಲಾಟರಿ ಟಿಕೆಟ್.
ಎರಡು ಸಲ ಮಡಚಿ ತೂರಿಸಿದೆ, ಹಿಡಿದಿಟ್ಟ ಹಾಗೆ ಕೂತಿತು.
ಇಷ್ಟು ವರ್ಷ ಕೊಂಡದ್ದರಲ್ಲಿ
ಕೆಲಸಕ್ಕೆ ಬಂದದ್ದು ಇದೊಂದೇ.
"ಅಂಟಿಕೊಂಡರೆ ಕಿಡಿಯಿಲ್ಲ, ತೀರ ದೂರವಾದರೂ ಇಲ್ಲ,"
ಪಾಠ ಹೇಳಿದೆ. ಅಸ್ಕಾಲೆ ಅಲ್ಲಿಂದಲೇ ನಕ್ಕಳು.
ಅವಳ ಗಂಡ ಜಿಬೂತಿಗೆ ಲಾರಿ ಓಡಿಸುತ್ತಾನೆ.

ಅಷ್ಟರಲ್ಲಿ ಹುಡುಗಿ, ಉಪಕಾರವಾಗಲೆಂದು,
ನಾಲ್ಕೂ ಹಳೆ ತಂತಿ ಕಿತ್ತು ನೆಲದಲ್ಲಿ ಸಾಲಾಗಿ ಮಲಗಿಸಿದ್ದಳು.
ಒಂದೊಂದಾಗಿ ಬದಲಿಸು ಎಂದು ನಾನು ಹೇಳಿರಲಿಲ್ಲ.
ನನ್ನ ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.
ಹೊಸದನ್ನು ಸಿಕ್ಕಿಸಿದಳು, ಮಗ್ಗಿ ಹೇಳಿದಂತೆ, ಒಂದು ಎರಡು ಮೂರು ನಾಲ್ಕು.
ಕೀಲಿ ತಿರುವಿದೆ.
ಸೈಲೆನ್ಸರ್ ಸಿಡಿಯಿತು.
ಓಣಿಯ ನಾಯಿಗಳು ದಿಕ್ಕಾಪಾಲು, ಅಸ್ಕಾಲೆಯ ಎರಡು ಬಟ್ಟಲು ಚೂರು,
ಮಧ್ಯಾಹ್ನದ ನಿದ್ದೆಯಲ್ಲಿದ್ದ ಹಳೆಯ ಸೈನಿಕ ದೆಗೆಫೆ
ಮಂಚದಡಿಯಿಂದ ಬಹಳ ಹೊತ್ತು ಹೊರಬರಲಿಲ್ಲ.

ಬೈಗುಳ ನುಂಗಿಕೊಂಡೆ.
ಮೊದಲ ಪ್ಲಗ್ ಬಿಚ್ಚಿ, "ತೂತಿಗೆ ಹೆಬ್ಬೆರಳು ಒತ್ತಿ ಹಿಡಿ" ಎಂದೆ.
ಮುಂದಿನಿಂದ ಹ್ಯಾಂಡಲ್ ಹಾಕಿ, ಬಾವಿಯ ರಾಟೆಯ ಹಾಗೆ ನಿಧಾನ ತಿರುವಿದೆ.
ಏನಿಲ್ಲ.
ಏನಿಲ್ಲ.
"ತಳ್ತಾ ಇದೆ! ಒಳಗಿಂದ ಯಾರೋ ತಳ್ತಾ ಇದಾರೆ ಮಾವ!"
ಅದೇ ಒಂದು. ರೋಟರಿನ ಮೂಗು ನೋಡುವ ಕಡೆಯಿಂದ ಶುರು.
ಆಗ ತಾನಾಗಿ ಬಾಯಿಗೆ ಬಂತು,
ಒಂದು, ಮೂರು, ನಾಲ್ಕು, ಎರಡು.
"ತಪ್ಪು ಎಣಿಕೆ," ಅಂದಳು.
ಇರಬಹುದು. ನಮ್ಮ ಗಡಿಯಾರಕ್ಕೂ ಹಾಗೇ ಅನ್ನುತ್ತಾರೆ.
ಹೊತ್ತು ಹುಟ್ಟಿ ತಾಸಾದರೆ ನಮಗೆ ಒಂದು ಗಂಟೆ,
ವಿಮಾನ ಇಳಿದು ಬಂದವರ ಕೈಯಲ್ಲಿ ಅದೇ ಏಳು.
ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ.

ಎಂಜಿನ್ ಮೊದಲು ಮೂರು ಕಾಲಲ್ಲಿ ಕುಂಟಿತು,
ಆಮೇಲೆ ನಾಲ್ಕನೆಯದು ನೆನಪಾಯಿತು.
ಕನ್ನಡಿಯಲ್ಲಿ ನೋಡಿದೆ, ಹಿಂದಿನ ಸೀಟಿನಲ್ಲಿ
ಹೆಬ್ಬೆರಳು ಬೆಳಕಿಗೆ ಹಿಡಿದು ಕೂತಿದ್ದಾಳೆ,
ತೂತಿನ ಅಂಚು ಒತ್ತಿದ ಕರಿ ಉಂಗುರ.
ಹೊಸ ವರ್ಷದ ತನಕ ತೊಳೆಯುವುದಿಲ್ಲವಂತೆ.
ಇರಲಿ, ನಡುವೆ ಇರುವುದು ಒಂದೇ ದಿನ.

ಪಿಯಾಸಾ ಎಂದು ಕೈಯಡ್ಡ ಹಾಕಿದ ಹೆಂಗಸು
ಕೊಡೆ ಮಡಚುವ ಮೊದಲೇ ಎಷ್ಟು ಎಂದಳು. ಹೇಳಿದೆ.
"ಈ ಹಳೆ ಡಬ್ಬಕ್ಕಾ?"
ಹುಡುಗಿ ಬಾಯಿ ತೆರೆಯುವುದರೊಳಗೆ
ಇಪ್ಪತ್ತು ಬಿರ್ ಇಳಿಸಿದೆ.